ಶಾಲೆ ಒಟ್ಟುಗೂಡಿಸುವಾಗ ಯಾವ ತರಗತಿ ಎಲ್ಲಿರಬೇಕು? ಉತ್ತರ ಕನ್ನಡದ ಊರುಗಳಿಗೆ ಒಂದು ಹೋಲಿಕೆ

ಶಾಲೆ ವಿಲೀನದ ಮಾತು ಎದ್ದ ಕೂಡಲೇ ನಮ್ಮ ಊರುಗಳಲ್ಲಿ ಸಭೆ ಎರಡು ಪಾಲಾಗುತ್ತದೆ. 'ನಮ್ಮೂರ ಶಾಲೆ ಮುಚ್ಚಬೇಡಿ' ಎಂದು ಒಂದು ಕಡೆಯವರು. 'ಎಂಟು ಮಕ್ಕಳಿಗೆ ಒಂದು ಶಾಲೆ ಯಾಕೆ' ಎಂದು ಇನ್ನೊಂದು ಕಡೆಯವರು. ಮುಚ್ಚೋದೋ ಬಿಡೋದೋ ಅನ್ನುವಲ್ಲಿಗೇ ಚರ್ಚೆ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟನೇ ತರಗತಿವರೆಗೆ ಕೇರಿಯಲ್ಲಿ (ಮುಖ್ಯ ಊರಿನಿಂದ ದೂರದ ಸಣ್ಣ ವಸತಿಯಲ್ಲಿ) ಇರಲಿ, ಎಷ್ಟರಿಂದ ದೊಡ್ಡ ಊರಿಗೆ ಹೋಗಲಿ ಎಂದು ಕೇಳುವವರು ಕಡಿಮೆ. ಮಕ್ಕಳ ದಿನ ಹೇಗೆ ಸಾಗುತ್ತದೆ ಅನ್ನುವುದು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕುಮಟಾ, ಅಂಕೋಲಾ, ಕಾರವಾರ ಕಡೆಯ ಪಂಚಾಯ್ತಿಯವರು, ಮತ್ತು ಮುಂದಿನ ವರ್ಷ ಮಗುವನ್ನು ಎಲ್ಲಿ ಸೇರಿಸೋದು ಎಂದು ಚಿಂತೆಯಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ಮೇಲಿನ ಚದುರಿದ ಊರುಗಳಲ್ಲಿ 1ರಿಂದ 3 ಕೇರಿಯಲ್ಲೇ ಉಳಿಯಬೇಕು, 4ರಿಂದ ಮೇಲಿನವರು ಒಂದು ಕಡೆ ಸೇರಬೇಕು. ಕರಾವಳಿಯ ಒತ್ತೊತ್ತಾದ ಊರುಗಳಲ್ಲಿ 1ರಿಂದ 8 ಒಂದೇ ಆವರಣದಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ. ಯಾಕೆ ಹಾಗನ್ನಿಸುತ್ತದೆ, ಎಲ್ಲಿ ಈ ಮಾತು ಹೊಂದುವುದಿಲ್ಲ ಎಂದು ಮುಂದೆ ನೋಡೋಣ.

ಈಗ ಹೇಗಿದೆ

ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕರಾವಳಿ ತಾಲೂಕುಗಳು ಕಾರವಾರದ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗೆ, ಘಟ್ಟದ ಮೇಲಿನವು ಶಿರಸಿಗೆ ಸೇರುತ್ತವೆ. ಎರಡೂ ಕಡೆ ತರಗತಿಗಳ ಜೋಡಣೆ ಒಂದೇ. ಕಿರಿಯ ಪ್ರಾಥಮಿಕ ಶಾಲೆ ಅಂದರೆ 1ರಿಂದ 5. ಹಿರಿಯ ಪ್ರಾಥಮಿಕ ಅಂದರೆ 1ರಿಂದ 7, ಕೆಲವು ಕಡೆ 8. ಹೈಸ್ಕೂಲು 8ರಿಂದ 10. ಆಮೇಲೆ ಪಿಯುಸಿ.

ಕೇರಿಯ ಒಂದು ಮಗುವಿನ ಕಣ್ಣಿನಿಂದ ಇದನ್ನು ನೋಡಿ. ಅಂಗನವಾಡಿ ಮುಗಿಸಿ ಐದು ವರ್ಷ ಹತ್ತಿರದ ಶಾಲೆ. ಟಿ.ಸಿ. (ವರ್ಗಾವಣೆ ಪತ್ರ) ತೆಗೆದುಕೊಂಡು 6 ಮತ್ತು 7ಕ್ಕೆ ಮುಖ್ಯ ಊರಿನ ಶಾಲೆ. ಮತ್ತೆ ಟಿ.ಸಿ., 8ಕ್ಕೆ ಹೈಸ್ಕೂಲು. ನಡುವಿನ ಆ ಎರಡು ವರ್ಷ ನನಗೆ ಯಾವಾಗಲೂ ಬೇಸರ ತರಿಸುತ್ತದೆ. ಮೊದಲ ವರ್ಷ ಹೊಸ ಮಾಸ್ತರು, ಹೊಸ ಗೆಳೆಯರು, ಹೊಸ ದಾರಿಗೆ ಹೊಂದಿಕೊಳ್ಳುವುದರಲ್ಲೇ ಅರ್ಧ ಕಳೆಯುತ್ತದೆ. ಎರಡನೇ ವರ್ಷ ಹೊರಡುವ ತಯಾರಿ. ಈ ಮಗುವಿಗೆ ಭಿನ್ನರಾಶಿ ಬರುತ್ತದೋ ಇಲ್ಲವೋ ಎಂದು ಒಬ್ಬ ಶಿಕ್ಷಕರಿಗೆ ಗೊತ್ತಾಗುವಷ್ಟರಲ್ಲಿ ಮಗು ಅಲ್ಲಿರುವುದಿಲ್ಲ.

ಶಾಲೆ ಬದಲಾಯಿಸುವುದಕ್ಕೂ ಕಲಿಕೆಗೂ ಸಂಬಂಧ ಇದೆ ಅನ್ನುವುದು ಬೇರೆ ದೇಶಗಳಲ್ಲೂ ಕಂಡಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಮಕ್ಕಳ ಬಗ್ಗೆ 2010ರಲ್ಲಿ ಬಂದ ಅಧ್ಯಯನವೊಂದು ಪ್ರಸಿದ್ಧವಾಗಿದೆ. 6 ಅಥವಾ 7ನೇ ತರಗತಿಗೆ ಪ್ರತ್ಯೇಕ ಮಾಧ್ಯಮಿಕ ಶಾಲೆಗೆ ಹೋದ ಮಕ್ಕಳು, 8ರವರೆಗೆ ಒಂದೇ ಶಾಲೆಯಲ್ಲಿ ಉಳಿದ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಫ್ಲಾರಿಡಾ ರಾಜ್ಯದಲ್ಲೂ ಇಂಥದ್ದೇ ಫಲಿತಾಂಶ ಬಂತು. ಅಲ್ಲಿಯ ಶಾಲೆ ಬೇರೆ, ನಮ್ಮದು ಬೇರೆ. ಆದರೆ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮಗುವನ್ನು ಕಿತ್ತು ನೆಡುವುದಕ್ಕೆ ಒಂದು ಬೆಲೆ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೊದಲು ದಾರಿ ನೋಡಿ, ಅದೂ ಜುಲೈನಲ್ಲಿ

ಶಿಕ್ಷಣ ಹಕ್ಕು ಕಾಯ್ದೆಯಡಿ 1ರಿಂದ 5ನೇ ತರಗತಿಯ ಮಗುವಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ರ ಮಗುವಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಇನ್ನೊಂದಿದೆ. ಕೇಂದ್ರದ 2010ರ ನಿಯಮಗಳಲ್ಲಿ, ಗುಡ್ಡಗಾಡು, ಭೂಕುಸಿತ, ನೆರೆ, ರಸ್ತೆ ಇಲ್ಲದಿರುವುದು, ಚಿಕ್ಕ ಮಕ್ಕಳ ದಾರಿಯಲ್ಲಿ ಅಪಾಯ ಇರುವುದು, ಇಂಥ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಇಡಬೇಕು ಎಂದಿದೆ. ಶಾಲೆಯೇ ಇಲ್ಲದ ಸಣ್ಣ ಮಜರೆಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿ ವ್ಯವಸ್ಥೆ ಮಾಡಬೇಕು ಎಂದೂ ಇದೆ. ನಮ್ಮ ಜಿಲ್ಲೆಯನ್ನು ನೋಡಿಯೇ ಬರೆದ ಹಾಗಿದೆ ಅಲ್ವಾ? ಸಭೆಗೆ ಹೋಗುವಾಗ ಈ ನಿಯಮದ ಪ್ರತಿ ಕೈಯಲ್ಲಿರಲಿ.

ವಿಲೀನದ ಪರಿಶೀಲನೆ ಸಾಮಾನ್ಯವಾಗಿ ನಡೆಯುವುದು ಬೇಸಿಗೆಯಲ್ಲಿ. ಮಾರ್ಚ್‌ನಲ್ಲಿ ಹಳ್ಳ ಒಣಗಿರುತ್ತದೆ. ಬೈಕು ಕೇರಿಯ ಅಂಗಳದವರೆಗೆ ಬರುತ್ತದೆ. ಎರಡು ಕಿಲೋಮೀಟರ್ ಅಂದರೆ ಐದು ನಿಮಿಷ. ಅದೇ ದಾರಿ ಜುಲೈನಲ್ಲಿ ಬೇರೆಯೇ. ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಪಾಚಿ ಕಟ್ಟಿರುತ್ತದೆ. ಕೆಳಗೆ ಕೆಂಪು ನೀರು. ಎರಡನೇ ತರಗತಿಯ ಮಗು ಒಂದು ಕೈಯಲ್ಲಿ ಕೊಡೆ ಹಿಡಿದಿದೆ, ಬೆನ್ನಿಗೆ ಪಾಟಿಚೀಲ, ಇನ್ನೊಂದು ಕೈಗೆ ಹಿಡಿಯಲು ಒಂದೇ ಒಂದು ಬಳ್ಳಿ ಅಥವಾ ಬಿದಿರು. ಗಾಳಿ ಬಂದರೆ ಕೊಡೆ ಮಗುವನ್ನೇ ಎಳೆಯುತ್ತದೆ. ಐದನೇ ತರಗತಿಯ ಅಕ್ಕ ಜೊತೆಗಿದ್ದರೆ ಕೊಡೆ ಮಡಚಲು ಹೇಳುತ್ತಾಳೆ, ಚೀಲ ತಾನು ಹಿಡಿಯುತ್ತಾಳೆ. ಅಕ್ಕ ಬೇರೆ ಶಾಲೆಯಲ್ಲಿದ್ದರೆ?

ದೊಡ್ಡ ರಸ್ತೆಗಳ ಕತೆಯೂ ನಮಗೆ ಗೊತ್ತಿದೆ. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಸೇತುವೆಯ ಆಚೆಗೆ ಎಲ್ಲ ತರಗತಿಗಳನ್ನೂ ಸೇರಿಸಿಬಿಟ್ಟರೆ, ಸೇತುವೆ ಹೋದ ವರ್ಷ ಈಚೆಯ ಮಕ್ಕಳಿಗೆ ಒಂದು ತರಗತಿಯೂ ಇಲ್ಲ.

ಕರಾವಳಿಯಲ್ಲಿ ಹಳ್ಳದ ಜಾಗದಲ್ಲಿ ಹೆದ್ದಾರಿ ಇದೆ. ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಊರುಗಳು ಹೆದ್ದಾರಿಯ ಎರಡೂ ಬದಿಗೆ ಹರಡಿವೆ. ನಕ್ಷೆಯಲ್ಲಿ ಶಾಲೆ ಅರ್ಧ ಕಿಲೋಮೀಟರ್. ಆದರೆ ನಡುವೆ ನಾಲ್ಕು ಪಥದ ರಸ್ತೆ, ಎಡೆಬಿಡದೆ ಓಡುವ ಲಾರಿ. ಅಳಿವೆಯ ಊರುಗಳಲ್ಲಿ ಆಚೆ ದಡದ ಶಾಲೆ ಕಣ್ಣಿಗೆ ಕಾಣುತ್ತದೆ, ಹೋಗಬೇಕಾದರೆ ದೋಣಿ ಬೇಕು ಇಲ್ಲವೇ ಸುತ್ತು ಹೊಡೆಯಬೇಕು. ಯಾವ ತರಗತಿಯ ಮಗು ಇದನ್ನು ದಿನಾ ಎರಡು ಸಲ ದಾಟಬಲ್ಲದು ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲ ಆಯ್ಕೆ: ಎಲ್ಲ ಇದ್ದಲ್ಲೇ, 1ರಿಂದ 5 ಕೇರಿಯಲ್ಲಿ

ಒಳ್ಳೆಯದೇನು ಅಂತ ಹೇಳಬೇಕಾಗಿಲ್ಲ. ಮಗು ಮನೆಗೆ ಹತ್ತಿರ. ಅಕ್ಕೋರಿಗೆ, ಅಂದರೆ ಶಿಕ್ಷಕಿಗೆ, ಪ್ರತಿ ಮನೆ ಗೊತ್ತು. ಜ್ವರ ಬಂದರೆ ಕೂಗಳತೆಯಲ್ಲಿ ಅಮ್ಮ ಇರುತ್ತಾಳೆ.

ಕಷ್ಟ ಎಲ್ಲಿದೆ ಅಂದರೆ ಒಳಗೆ. ಹನ್ನೊಂದು ಮಕ್ಕಳಿರುವ ಒಂದು ಶಾಲೆಯ ಬೆಳಿಗ್ಗೆ ಹೀಗಿರುತ್ತದೆ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ತರಬೇತಿಗೆ ಹೋಗಿದ್ದಾರೆ. ಉಳಿದ ಅಕ್ಕೋರು 1, 2, 3ನೇ ತರಗತಿಯ ಏಳು ಮಕ್ಕಳನ್ನು ನಲಿ-ಕಲಿ (ಕಾರ್ಡುಗಳ ಮೂಲಕ ಗುಂಪಿನಲ್ಲಿ ಕಲಿಯುವ ಪದ್ಧತಿ) ತಟ್ಟೆಗಳ ಸುತ್ತ ಕೂರಿಸಿದ್ದಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಆ ಮಗುವಿಗೇ ಗೊತ್ತು. ತನ್ನ ಕಾರ್ಡು ತಾನೇ ಹುಡುಕಿಕೊಂಡು ಬರುತ್ತದೆ. ಈ ಭಾಗ ಸೊಗಸಾಗಿ ನಡೆಯುತ್ತದೆ. 4 ಮತ್ತು 5ರ ನಾಲ್ಕು ಮಕ್ಕಳು ಜಗಲಿಯಲ್ಲಿದ್ದಾರೆ. ಅವರಿಗೆ ಪಾಠ ನೋಡಿ ಬರೆಯಲು ಹೇಳಿದೆ. ಅಷ್ಟರಲ್ಲಿ ಅಡುಗೆಯವರು ಬೇಳೆಯ ಲೆಕ್ಕ ಕೇಳುತ್ತಾರೆ. ಮೊಬೈಲಿನಲ್ಲಿ ಹಾಜರಾತಿ ತುಂಬಬೇಕು, ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಜಗಲಿಯ ನಾಲ್ಕು ಮಕ್ಕಳು ಬರೆಯುತ್ತಲೇ ಇರುತ್ತಾರೆ.

ನಲಿ-ಕಲಿ ಹುಟ್ಟಿದ್ದೇ ಇಂಥ ಬಹುವರ್ಗದ ಕೋಣೆಗಾಗಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಮೂರು ತರಗತಿಯ ಮಕ್ಕಳು ಒಟ್ಟಿಗಿರುವುದು ಅಲ್ಲಿ ತೊಂದರೆಯಲ್ಲ, ಪದ್ಧತಿಯೇ ಅದು. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತದೆ. ಆದರೆ 4ಕ್ಕೆ ಬಂದ ಕೂಡಲೇ ಪುಸ್ತಕ ಬೇರೆಯಾಗುತ್ತದೆ, ಪಾಠದ ರೀತಿ ಬೇರೆಯಾಗುತ್ತದೆ. ಒಬ್ಬರೇ ಎರಡನ್ನೂ ಎಳೆಯಲು ಆಗುವುದಿಲ್ಲ. ಆದ್ದರಿಂದ ನಮ್ಮ ಸಣ್ಣ ಶಾಲೆಗಳಲ್ಲಿ ನಿಜವಾಗಿ ಸೋಲುತ್ತಿರುವುದು 4 ಮತ್ತು 5. 'ಸಣ್ಣ ಶಾಲೆಯಲ್ಲಿ ಕಲಿಕೆ ಇಲ್ಲ' ಎಂದು ಒಟ್ಟಾರೆ ಹೇಳುವವರು ಈ ವ್ಯತ್ಯಾಸ ನೋಡುತ್ತಿಲ್ಲ.

ಎರಡನೇ ಆಯ್ಕೆ: 1ರಿಂದ 3 ಕೇರಿಯಲ್ಲಿ, 4ರಿಂದ 7 ಅಥವಾ 8 ಮುಖ್ಯ ಊರಿನಲ್ಲಿ

ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು. ಚಿಕ್ಕವರು ನಡೆದು ಹೋಗುವ ದೂರದಲ್ಲೇ ಇರುತ್ತಾರೆ. ಒಂಬತ್ತು ತುಂಬಿದವರು ಮುಖ್ಯ ಊರಿಗೆ ಹೋಗಿ, ಅಲ್ಲಿ ನಾಲ್ಕೈದು ವರ್ಷ ನಿಲ್ಲುತ್ತಾರೆ. ಮೊದಲು ಹೇಳಿದ ಆ ಎರಡು ವರ್ಷದ ಅರೆಬರೆ ವಾಸ ತಪ್ಪುತ್ತದೆ. ಟಿ.ಸಿ.ಗಳ ಸಂಖ್ಯೆ ಅಷ್ಟೇ ಉಳಿದರೂ ಬದಲಾವಣೆ ನಲಿ-ಕಲಿ ಮುಗಿಯುವ ಸಹಜ ಜಾಗದಲ್ಲಿ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ, ಮುಖ್ಯ ಊರಿನ 1ರಿಂದ 7ರ ಶಾಲೆಯಲ್ಲಿ 52 ಮಕ್ಕಳು. ಅದರಲ್ಲಿ 36 ಮಕ್ಕಳು 1ರಿಂದ 5ರಲ್ಲಿ, 16 ಮಕ್ಕಳು 6 ಮತ್ತು 7ರಲ್ಲಿ. ಸುತ್ತಲಿನ ಮೂರು ಕೇರಿಗಳಲ್ಲಿ 8, 11, 15, ಒಟ್ಟು 34. ಕೇರಿಗಳ 4 ಮತ್ತು 5ರ ಮಕ್ಕಳು 14 ಜನ ಅಂದುಕೊಳ್ಳಿ. ಅವರು ಬಂದರೆ ಮುಖ್ಯ ಶಾಲೆಯ 4 ಮತ್ತು 5 ಸೇರಿ 28 ಆಗುತ್ತದೆ. ಒಂದೊಂದು ತರಗತಿಗೆ ಹದಿನಾಲ್ಕು. ಬೇರೆ ಕೋಣೆ, ಬೇರೆ ಶಿಕ್ಷಕರು, ಗುಂಪಾಗಿ ಆಡಲು ಸಾಕಷ್ಟು ಮಕ್ಕಳು. ಕೇರಿಗಳಲ್ಲಿ 20 ಚಿಕ್ಕವರು ಉಳಿಯುತ್ತಾರೆ.

ಆದರೆ ಇದರಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು, 60 ಮಕ್ಕಳವರೆಗೆ ಕನಿಷ್ಠ ಇಬ್ಬರು ಶಿಕ್ಷಕರು ಬೇಕು ಎಂದು ಕಾಯ್ದೆಯ ಪಟ್ಟಿ ಹೇಳುತ್ತದೆ. ಏಳು ಮಕ್ಕಳಿದ್ದರೂ ಅದೇ. 'ಮೂರೇ ತರಗತಿ ತಾನೇ, ಒಬ್ಬರು ಸಾಕು' ಎಂಬ ಮಾತು ಬರುತ್ತದೆ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ, ತರಬೇತಿಗೆ ಹೋದ ದಿನ, ಚುನಾವಣಾ ಕೆಲಸಕ್ಕೆ ಕರೆದ ದಿನ ಶಾಲೆಗೆ ಬೀಗ. ಎರಡನೆಯವರನ್ನು ಕೇಳಿ. ಸಿಗುವವರೆಗಾದರೂ ಮುಖ್ಯ ಶಾಲೆಯಿಂದ ಯಾರು ಬದಲಿ ಬರುತ್ತಾರೆ ಎಂದು ಹೆಸರು ಸಮೇತ ಬರೆಸಿಕೊಳ್ಳಿ. ಅಂಗನವಾಡಿಯನ್ನು ಶಾಲೆಯ ಖಾಲಿ ಕೋಣೆಗೆ ತಂದರೆ ಇನ್ನೂ ಒಳ್ಳೆಯದು. ಅಕ್ಕೋರು, ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಬಿಸಿಯೂಟದವರು, ಹೀಗೆ ಆವರಣದಲ್ಲಿ ನಾಲ್ಕು ಮಂದಿ ದೊಡ್ಡವರಿರುತ್ತಾರೆ. ಯಾರೂ ಒಬ್ಬಂಟಿ ಅಲ್ಲ.

ಎರಡನೆಯದು, 4 ಮತ್ತು 5ರ ಮಕ್ಕಳಿಗೂ ಕಾಯ್ದೆಯ 1 ಕಿಲೋಮೀಟರ್ ಮಿತಿ ಅನ್ವಯ. ಮುಖ್ಯ ಊರು ಅದಕ್ಕಿಂತ ದೂರ ಇದ್ದರೆ ವಾಹನ ಸಿಗಲೇಬೇಕು. ವಾಹನ ಇಲ್ಲದಿದ್ದರೆ 5ರವರೆಗೆ ಕೇರಿಯಲ್ಲೇ ಇರಲಿ ಅನ್ನುತ್ತೇನೆ. ಜೋಯಿಡಾದ ಕಾಡಿನೊಳಗಿನ ಮಜರೆಗಳಲ್ಲಿ, ಬಸ್ಸು ದಿನಕ್ಕೆ ಒಂದೋ ಎರಡೋ ಸಲ ಬರುವ ಕಡೆಗಳಲ್ಲಿ ಈ ಎರಡನೇ ಆಯ್ಕೆಯನ್ನು ಒತ್ತಾಯಿಸುವುದು ತಪ್ಪು.

ಹುದ್ದೆಗಳ ಲೆಕ್ಕ

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಸಭೆಯಲ್ಲಿ ಯಾರೂ ಹೇಳುವುದಿಲ್ಲ. 'ಮೂರು ಶಾಲೆ ಸೇರಿಸಿದರೆ ಮೂರು ಶಾಲೆಯ ಮಾಸ್ತರುಗಳೂ ನಿಮಗೇ ಸಿಗುತ್ತಾರೆ' ಎಂದು ಕೇಳಿದವರಿಗೆ ಅನ್ನಿಸುತ್ತದೆ. ಹಾಗೆ ಆಗುವುದಿಲ್ಲ.

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಾಯ್ದೆಯ ಪಟ್ಟಿಯಂತೆ ಕೇರಿಯ ಮೂರು ಶಾಲೆಗೆ ಇಬ್ಬಿಬ್ಬರಂತೆ ಆರು. ಮುಖ್ಯ ಶಾಲೆಯ 1ರಿಂದ 5ರ 36 ಮಕ್ಕಳಿಗೆ ಇಬ್ಬರು. 6 ಮತ್ತು 7ಕ್ಕೆ ವಿಜ್ಞಾನ-ಗಣಿತ, ಸಮಾಜ, ಭಾಷೆ ಎಂದು ಮೂವರು. ಒಟ್ಟು ಹನ್ನೊಂದು. ಈಗ ಎಲ್ಲವನ್ನೂ ಒಂದೇ ಶಾಲೆ ಮಾಡಿ. 1ರಿಂದ 5ರಲ್ಲಿ 70 ಮಕ್ಕಳು. 61ರಿಂದ 90 ಮಕ್ಕಳಿಗೆ ಮೂವರು. ಮೇಲಿನ ತರಗತಿಗೆ ಮೂವರು. ಒಟ್ಟು ಆರು. ಐದು ಹುದ್ದೆ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಆದವರನ್ನು ಇಲಾಖೆ ಬೇರೆ ಕಡೆಗೆ ಕಳಿಸುತ್ತದೆ. ಮಕ್ಕಳು ಬೆಟ್ಟ ಇಳಿದು ಬಂದರು, ಶಿಕ್ಷಕರು ಬೇರೆ ಊರಿಗೆ ಹೋದರು.

ಹಾಗಂತ ಒಟ್ಟುಗೂಡಿಸುವುದೇ ಬೇಡ ಎಂದಲ್ಲ. ಕೇರಿಯ ಶಾಲೆಯ ಹೆಸರು, ಅದರ ಯು-ಡೈಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ಪ್ರತಿ ಶಾಲೆಗೂ ಇರುವ ಗುರುತು ಸಂಖ್ಯೆ) ಉಳಿದರೆ ಹುದ್ದೆಯೂ ಉಳಿಯುವ ದಾರಿ ಇರುತ್ತದೆ. 1ರಿಂದ 3 ಕೇರಿಯಲ್ಲಿ ಇರಲಿ ಅನ್ನುವುದಕ್ಕೆ ಇದೂ ಒಂದು ಕಾರಣ. ಬಿಸಿಯೂಟದ ಲೆಕ್ಕವೂ ಹೀಗೇ. 25 ಮಕ್ಕಳವರೆಗೆ ಒಬ್ಬ ಅಡುಗೆಯವರು. ಶಾಲೆ ಹೋದರೆ ಕೇರಿಯ ಒಬ್ಬ ಹೆಂಗಸಿನ ಕೆಲಸವೂ ಹೋಗುತ್ತದೆ.

ಮೂರನೇ ಆಯ್ಕೆ: ಎರಡು ಶಾಲೆಗಳ ಹಂಚಿಕೆ, ಇಲ್ಲಿ 1ರಿಂದ 4, ಅಲ್ಲಿ 5ರಿಂದ 8

ಅಕ್ಕಪಕ್ಕದ ಎರಡು ಊರಿನ ಶಾಲೆಗಳು ಹೆಚ್ಚುಕಡಿಮೆ ಒಂದೇ ಗಾತ್ರದ್ದಿದ್ದರೆ ಈ ಸಲಹೆ ಬರುತ್ತದೆ. ಯಾರ ಶಾಲೆಯೂ ಮುಚ್ಚುವುದಿಲ್ಲ. ಎರಡೂ ಊರಿಗೆ ಸಮಾಧಾನ. ಒಂದೊಂದು ತರಗತಿಯಲ್ಲೂ ಮಕ್ಕಳು ಎರಡರಷ್ಟಾಗುತ್ತಾರೆ. ಕರಾವಳಿಯಲ್ಲಿ, ಒಂದೂವರೆ ಕಿಲೋಮೀಟರ್ ಅಂತರದ ಊರುಗಳಲ್ಲಿ ಇದು ಕಾಗದದ ಮೇಲೆ ಚೆಂದ ಕಾಣುತ್ತದೆ.

ನನಗೆ ಇದರ ಬಗ್ಗೆ ಅನುಮಾನ ಇದೆ, ಕಾರಣ ಮನೆಯ ಬೆಳಗು. ಮೀನು ಮಾರುವ ತಾಯಿ ಬೆಳಕು ಹರಿಯುವ ಮೊದಲೇ ಬಂದರಿಗೆ ಹೋಗಿರುತ್ತಾಳೆ. ಘಟ್ಟದ ಮೇಲೆ ಕೊನೆಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋಗುವ ತಾಯಿಯೂ ಅಷ್ಟೇ. ತಮ್ಮನ ತಲೆ ಬಾಚಿ, ಗಂಜಿ ಉಣಿಸಿ, ಕೈಹಿಡಿದು ಶಾಲೆಗೆ ಕರೆದೊಯ್ಯುವುದು ಆರನೇ ತರಗತಿಯ ಅಕ್ಕ. ಇಬ್ಬರದ್ದೂ ಒಂದೇ ಶಾಲೆಯಾದರೆ ಅದು ದಾರಿಯ ಮೇಲಿನ ಕೆಲಸ. ಒಂದು ಶಾಲೆ ತೆಂಕಣಕ್ಕೆ, ಇನ್ನೊಂದು ಬಡಗಣಕ್ಕೆ ಆದರೆ ಅವಳು ಮೊದಲು ತಮ್ಮನನ್ನು ಬಿಟ್ಟು, ತಿರುಗಿ ಬಂದು, ಎರಡನೇ ಪಿರಿಯಡ್‌ಗೆ ತನ್ನ ತರಗತಿ ಮುಟ್ಟುತ್ತಾಳೆ. ಕೆಲವು ದಿನ ಮುಟ್ಟುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ 'ಅನಿಯಮಿತ' ಎಂದು ಬರೆಯಲಾಗುತ್ತದೆ. ತಪ್ಪು ಅವಳದ್ದಲ್ಲ, ತರಗತಿ ಹಂಚಿದವರದ್ದು. ಕರಾವಳಿಯಲ್ಲಿ 1ರಿಂದ 8 ಒಂದೇ ಆವರಣದಲ್ಲಿರಲಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಎರಡೂ ಶಾಲೆ ಒಂದೇ ರಸ್ತೆಯಲ್ಲಿ, ಒಂದೇ ದಿಕ್ಕಿನಲ್ಲಿದ್ದು, ಚಿಕ್ಕವರ ಶಾಲೆ ಮೊದಲು ಸಿಗುವಂತಿದ್ದರೆ ಮಾತ್ರ ಇದನ್ನು ಯೋಚಿಸಬಹುದು. ಎರಡೂ ಕಡೆ ಶಾಲೆ ಶುರುವಾಗುವ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಿಂದೆಮುಂದೆ ಇರಬೇಕು.

ನಾಲ್ಕನೇ ಆಯ್ಕೆ: 8ನೇ ತರಗತಿ ಎಲ್ಲಿ?

ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಅಂದರೆ 1ರಿಂದ 8. ನಮ್ಮ ರಾಜ್ಯದ ಹೈಸ್ಕೂಲು 8ರಿಂದ ಶುರು. ಈ ಹೊಂದಿಕೆಯಾಗದ ಜಾಗದಲ್ಲಿ ಎರಡು ದಾರಿಗಳಿವೆ.

ಒಂದು, ಹಿರಿಯ ಪ್ರಾಥಮಿಕ ಶಾಲೆಗೇ 8ನ್ನು ಸೇರಿಸುವುದು. ಹೈಸ್ಕೂಲು ದೂರ ಇರುವ ಕಡೆ ಇದರಿಂದ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಂದು ವರ್ಷ ಹೆಚ್ಚು ಸಿಗುತ್ತದೆ. ಆದರೆ 9ಕ್ಕೆ ಹೋದಾಗ ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಉಳಿದಿರುತ್ತದೆ. ಅಲ್ಲಿಯ ಮಕ್ಕಳು ಆಗಲೇ ಒಂದು ವರ್ಷ ಲ್ಯಾಬು, ವಿಷಯ ಶಿಕ್ಷಕರು ಎಂದು ಹೊಂದಿಕೊಂಡಿರುತ್ತಾರೆ. ಹಾಗಾಗಿ ಗಣಿತ-ವಿಜ್ಞಾನಕ್ಕೆ ಪದವೀಧರ ಶಿಕ್ಷಕರು ಖಾಯಂ ಆಗಿ ಇದ್ದರೆ ಮಾತ್ರ 8 ಸೇರಿಸಿ. ಅತಿಥಿ ಶಿಕ್ಷಕರ ನಂಬಿಕೆಯಲ್ಲಿ 8 ಶುರುಮಾಡಿದರೆ ಜುಲೈ ಮುಗಿದರೂ ಬೀಜಗಣಿತ ಶುರುವಾಗಿರುವುದಿಲ್ಲ.

ಇನ್ನೊಂದು, 6 ಮತ್ತು 7ನ್ನೇ ಹೈಸ್ಕೂಲಿಗೆ ಒಯ್ದು 6ರಿಂದ 10 ಮಾಡುವುದು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು ನಡೆಯುವುದು ಹೀಗೆ. ಐದು ವರ್ಷ ಒಂದೇ ಜಾಗ, ಒಂದೇ ಗಣಿತ ಮಾಸ್ತರು. ಕಲಿಕೆಯ ದೃಷ್ಟಿಯಿಂದ ನನಗೆ ಇದು ಬಹಳ ಇಷ್ಟ. ಆದರೆ ಪ್ರಾಥಮಿಕ ಮತ್ತು ಪ್ರೌಢಶಾಲೆಯ ಹುದ್ದೆಗಳೇ ಬೇರೆ ಬೇರೆ. ಎಸ್‌ಡಿಎಂಸಿ ಠರಾವಿನಿಂದ ಇದು ಆಗುವುದಿಲ್ಲ, ರಾಜ್ಯದ ಆದೇಶ ಬೇಕು. ಜೊತೆಗೆ ಹನ್ನೊಂದರ ಮಗು ಹೈಸ್ಕೂಲಿನ ದೂರಕ್ಕೆ ಬಸ್ಸಿನಲ್ಲಿ ಹೋಗಬೇಕು. ಹೈಸ್ಕೂಲೂ ಪ್ರಾಥಮಿಕ ಶಾಲೆಯೂ ಒಂದೇ ಗದ್ದೆಯ ಆಚೀಚೆ ಇರುವ ಊರುಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಅಲ್ಲಿ ಕೇಳಿ ನೋಡಬಹುದು.

ಐದನೇ ಆಯ್ಕೆ: ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ

2018-19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳ ಮಾದರಿ ಇದು. ಈಗ ಮ್ಯಾಗ್ನೆಟ್ ಶಾಲೆ (ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಸೇರಿಸಿಕೊಳ್ಳುವ ದೊಡ್ಡ ಶಾಲೆ) ಎಂಬ ಹೆಸರೂ ಕೇಳಿಬರುತ್ತಿದೆ. ಪಾಲಕರನ್ನು ಸೆಳೆಯುವುದು ಇದೇ. ಎಲ್‌ಕೆಜಿ ಇದೆ, ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ, ದೊಡ್ಡ ಮೈದಾನ, ಗ್ರಂಥಾಲಯ ಇದೆ. ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತುತ್ತಿದ್ದ ಮಕ್ಕಳು ಸರ್ಕಾರಿ ಶಾಲೆಗೆ ತಿರುಗಿ ಬರುತ್ತಾರೆ. ಈ ಆಕರ್ಷಣೆಯನ್ನು ಸುಮ್ನೆ ತಳ್ಳಿಹಾಕಬಾರದು. ಶಿರಸಿ, ಕುಮಟಾದಂಥ ಪೇಟೆಗಳಲ್ಲಿ, ಹೆದ್ದಾರಿಯ ದೊಡ್ಡ ಊರುಗಳಲ್ಲಿ, ಅಲ್ಲಿಯೇ ವಾಸ ಇರುವ ಮಕ್ಕಳಿಗೆ ಇದು ಒಳ್ಳೆಯ ಆಯ್ಕೆ. ಹದಿನಾಲ್ಕು ವರ್ಷ ಟಿ.ಸಿ. ಮಾತೇ ಇಲ್ಲ.

ಹಳ್ಳಿಗಳನ್ನು ಖಾಲಿ ಮಾಡಿ ಅಲ್ಲಿಗೆ ತುಂಬುವುದಾದರೆ ವಿಚಾರ ಬೇರೆ. ನಾಲ್ಕು ವರ್ಷದ ಮಗು ದಿನಕ್ಕೆ ಹದಿನೈದು ಕಿಲೋಮೀಟರ್ ವಾಹನದಲ್ಲಿ ಹೋಗಿ ಬರಬೇಕಾಗುತ್ತದೆ. ಕೇರಿಯ ಅಂಗನವಾಡಿಗೂ ಮಕ್ಕಳಿಲ್ಲದಂತಾಗುತ್ತದೆ. ಆವರಣದೊಳಗೂ ಕೆಲವು ತೊಡಕುಗಳಿವೆ. ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ ಅದೇ ಆದರೆ ಮಾರ್ಚ್ ತಿಂಗಳ ಎಷ್ಟೋ ದಿನ ಚಿಕ್ಕವರ ತರಗತಿ ಎಲ್ಲಿ ನಡೆಸೋದು? ಶೌಚಾಲಯ, ಕುಡಿಯುವ ನೀರು, ಊಟದ ಜಾಗ ಎರಡನೇ ತರಗತಿಯವರಿಗೂ ಹದಿನೇಳರ ಹುಡುಗರಿಗೂ ಒಂದೇ ಆಗಬಾರದು. ಚಿಕ್ಕವರಿಗೆ ಬೇರೆ ಗೇಟು, ಬೇರೆ ಅಂಗಳ, ಅವರ ಹೊಣೆ ಹೊತ್ತ ಒಬ್ಬ ಮುಖ್ಯ ಶಿಕ್ಷಕರು ಇದ್ದಾರಾ ಎಂದು ಹೋಗಿ ನೋಡಿ.

ಬಸ್ಸು

ಬಸ್ಸಿನ ಮಾತು ಕೊನೆಗೆ ಇಟ್ಟಿದ್ದೇನೆ, ಆದರೆ ತೂಕದಲ್ಲಿ ಇದು ಮೇಲಿನದು. ನಮ್ಮ ಕಡೆಯ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಗಂಡುಮಕ್ಕಳು ವಿದ್ಯಾರ್ಥಿ ಪಾಸು ಮಾಡಿಸಿಕೊಳ್ಳಬೇಕು. ದುಡ್ಡಿನ ತೊಂದರೆ ಕಡಿಮೆಯಾಯಿತು. ಹೊತ್ತಿನ ತೊಂದರೆ ಹಾಗೇ ಇದೆ. ಶಾಲೆ ಬಿಡುವುದು ನಾಲ್ಕೂವರೆಯ ಸುಮಾರಿಗೆ, ಬಸ್ಸು ಬರುವುದು ಆರಕ್ಕೆ ಅಂದರೆ ಡಿಸೆಂಬರಿನಲ್ಲಿ ಮಗು ಇಳಿಯುವಾಗ ಕತ್ತಲೆ. ಇಳಿದ ಮೇಲೆ ಕಾಡುದಾರಿ. ರಾತ್ರಿ ಊರಲ್ಲೇ ತಂಗುವ ವಸತಿ ಬಸ್ಸು ಬೆಳಿಗ್ಗೆ ಆರೂವರೆಗೇ ಹೊರಟುಬಿಡುತ್ತದೆ. ಒಂಬತ್ತೂವರೆಯ ಶಾಲೆಗೆ ಮಗು ಏಳೂವರೆಗೆ ಬಂದು ಬೀಗ ಹಾಕಿದ ಗೇಟಿನ ಮುಂದೆ ಕೂರುತ್ತದೆ.

ಆದ್ದರಿಂದ ಯಾವ ಆಯ್ಕೆ ಒಪ್ಪಿದರೂ ಮೊದಲು ಬಸ್ಸಿನ ಹೊತ್ತು ಬದಲಾಗಲಿ, ಆಮೇಲೆ ಮಕ್ಕಳು ಹೋಗಲಿ. ಡಿಪೋ ಮ್ಯಾನೇಜರಿಗೆ ಎಸ್‌ಡಿಎಂಸಿ ಮತ್ತು ಪಂಚಾಯ್ತಿಯ ಜಂಟಿ ಅರ್ಜಿ ಫೆಬ್ರವರಿಯಲ್ಲೇ ಹೋಗಬೇಕು. ಬಸ್ಸು ಬಾರದ ಕೇರಿಗೆ ಟೆಂಪೋ ಅಥವಾ ಜೀಪು ಗೊತ್ತು ಮಾಡುವುದಾದರೆ, ಸಾರಿಗೆ ಭತ್ಯೆ ಯಾವ ತಿಂಗಳಿಂದ ಬರುತ್ತದೆ, ಅದು ಬರುವವರೆಗೆ ಯಾರು ಕೊಡುತ್ತಾರೆ ಎಂದು ಖಚಿತ ಮಾಡಿಕೊಳ್ಳಿ. ದಿನಗೂಲಿಯ ಮನೆಗಳು ಮೂರು ತಿಂಗಳು ಮುಂಗಡ ಕೊಡಲಾರವು.

ಠರಾವು ಬರೆಯುವಾಗ

ಮಾಧ್ಯಮವನ್ನು ಮೊದಲು ಬೇರೆ ಮಾಡಿ. ಕಾರವಾರ, ಹಳಿಯಾಳ, ಜೋಯಿಡಾದಲ್ಲಿ ಮರಾಠಿ, ಭಟ್ಕಳ ಕಡೆ ಉರ್ದು ಶಾಲೆಗಳಿವೆ. ಪಕ್ಕದಲ್ಲೇ ಇರುವ ಬೇರೆ ಮಾಧ್ಯಮದ ಶಾಲೆಯನ್ನು 'ಹತ್ತಿರದ ಶಾಲೆ' ಎಂದು ಲೆಕ್ಕ ಹಿಡಿಯಬಾರದು.

ಎಸ್‌ಡಿಎಂಸಿಯಲ್ಲಿ ಕೇರಿಯವರ ಜಾಗ ಗಟ್ಟಿ ಮಾಡಿಕೊಳ್ಳಿ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಯಾವ ಕೇರಿಯವರು ಅನ್ನುವುದನ್ನು ಅದು ಹೇಳುವುದಿಲ್ಲ. ಮುಖ್ಯ ಊರಿನವರೇ ತುಂಬಿಕೊಂಡರೆ ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಕೇರಿಗಳ ಮಕ್ಕಳ ಜೀಪು ನಿಂತ ದಿನ ಕೇಳುವವರಿರುವುದಿಲ್ಲ. ಪ್ರತಿ ಕೇರಿಯಿಂದ ಒಬ್ಬ ತಾಯಿ ಎಂದು ಠರಾವಿನಲ್ಲೇ ಬರೆಯಿರಿ.

ಕಟ್ಟಡ ಮತ್ತು ಜಾಗದ ದಾಖಲೆ ತೆಗೆದಿಡಿ. ನಮ್ಮ ಹಳೆಯ ಕನ್ನಡ ಶಾಲೆಗಳ ಜಾಗ ಹೆಚ್ಚಾಗಿ ಊರಿನ ಯಾರೋ ಬಾಯಿಮಾತಿನಲ್ಲಿ ದಾನ ಕೊಟ್ಟದ್ದು. ಮಕ್ಕಳು ಹೋದ ಮೇಲೆ ಹಂಚು ಒಡೆಯುತ್ತದೆ, ಎರಡು ಮಳೆಗಾಲಕ್ಕೆ ಪಕಾಸು ಕುಸಿಯುತ್ತದೆ, ಆಮೇಲೆ ಜಾಗದ ತಕರಾರು ಏಳುತ್ತದೆ. ಅಂಗನವಾಡಿಯೋ ಗ್ರಂಥಾಲಯವೋ, ಏನಾದರೂ ಒಂದು ಅಲ್ಲಿ ನಡೆಯುತ್ತಿರಲಿ.

ವಿಲೀನವನ್ನು ಒಂದು ವರ್ಷದ ಮಟ್ಟಿಗೆ ಒಪ್ಪಿ, ಕೇರಿಯ ಶಾಲೆಯ ಯು-ಡೈಸ್ ಸಂಖ್ಯೆಯನ್ನು ಆ ವರ್ಷ ರದ್ದು ಮಾಡಬಾರದು ಎಂದು ಬರೆಸಿ. ಆ ಒಂದು ವರ್ಷ ಪ್ರತಿ ತಿಂಗಳ ಕೊನೆಗೆ ಕೇರಿಯಿಂದ ಹೋಗುವ ಮಕ್ಕಳ ಹಾಜರಿಯನ್ನು ಬೇರೆಯಾಗಿ ತೆಗೆಸಿ ನೋಡಿ. ಇಡೀ ಶಾಲೆಯ ಸರಾಸರಿಯಲ್ಲಿ ಅವರು ಕಾಣುವುದಿಲ್ಲ. ಜುಲೈ, ಆಗಸ್ಟ್ ತಿಂಗಳ ಹಾಜರಿ ಬಿದ್ದಿದ್ದರೆ ಮಳೆ ರಜೆ ಬಿಟ್ಟು ಎಷ್ಟು ದಿನ, ಯಾವ ತರಗತಿಯವರು ಎಂದು ಎಣಿಸಿ. 4 ಮತ್ತು 5ರ ಮಕ್ಕಳೇ ಜಾಸ್ತಿ ತಪ್ಪಿಸಿಕೊಂಡಿದ್ದರೆ ಆ ಎರಡು ತರಗತಿಯನ್ನು ಮುಂದಿನ ಜೂನ್‌ಗೆ ಕೇರಿಗೆ ವಾಪಸ್ ಕೇಳಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುವ ಅರ್ಜಿಗೆ ಆ ಹಾಜರಿ ಪಟ್ಟಿಯನ್ನೇ ಲಗತ್ತಿಸಿ, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.